ನೇರ ಓಡಲೊಲ್ಲದ ವಿಮಾನ

1937ರ ಮಾರ್ಚ್ 20ರ ಮುಂಜಾವು. ಹವಾಯಿಯ ಪರ್ಲ್ ಹಾರ್ಬರ್ ನಡುವೆ ಇರುವ ಫೋರ್ಡ್ ದ್ವೀಪದ ಲ್ಯೂಕ್ ಫೀಲ್ಡ್ ಎಂಬ ಸೇನಾ ವಿಮಾನ ನಿಲ್ದಾಣದಿಂದ ಅಮೆರಿಕದ ಪೈಲಟ್ ಅಮೀಲಿಯಾ ಇಯರ್‌ಹಾರ್ಟ್ ಹೊರಟು ನಿಂತಿದ್ದರು. ಭೂಮಧ್ಯರೇಖೆಯ ಆಸುಪಾಸಿನಲ್ಲೇ ಭೂಮಿಯನ್ನು ಒಂದು ಸುತ್ತು ಹಾಕಬೇಕೆಂಬುದು ಅವರ ಸಂಕಲ್ಪ. ಓಕ್ಲೆಂಡಿನಿಂದ ಹವಾಯಿವರೆಗಿನ ಮೊದಲ ಘಟ್ಟ ಮುಗಿದಿತ್ತು. ಮುಂದಿನ ನಿಲುಗಡೆ ಪೆಸಿಫಿಕ್ ಸಾಗರದ ಮಧ್ಯೆ ಇರುವ ಹೌಲೆಂಡ್ ಎಂಬ ಪುಟ್ಟ ದ್ವೀಪ. ಅಷ್ಟು ದೂರಕ್ಕೆ ಬೇಕಾದ ಇಂಧನವನ್ನೆಲ್ಲ ಹೊತ್ತಿದ್ದ ಲಾಕ್‌ಹೀಡ್ ಎಲೆಕ್ಟ್ರಾ, ತಲಾ 600 ಅಶ್ವಶಕ್ತಿಯ ಎರಡು ಎಂಜಿನ್‌ಗಳ ಬಲದಲ್ಲಿ ರನ್‌ವೇ ಮೇಲೆ ಓಡತೊಡಗಿತು. ವೇಗ ಏರುತ್ತಿದ್ದಾಗ ವಿಮಾನದ ಮೂತಿ ಬಲಕ್ಕೆ ಸರಿಯಿತು. ಇಯರ್‌ಹಾರ್ಟ್ ಎಡ ಎಂಜಿನ್ನಿನ ಶಕ್ತಿಯನ್ನು ತಗ್ಗಿಸಿದರು. ಬಲ ಎಂಜಿನ್ ಹೆಚ್ಚು ಎಳೆದರೆ ಮೂತಿ ಎಡಕ್ಕೆ ಬಂದು ನೇರವಾಗಬೇಕು, ಲೆಕ್ಕ ಸರಿಯಾಗಿಯೇ ಇತ್ತು. ಮೂತಿ ಎಡಕ್ಕೆ ಬಂತು. ಆದರೆ ನೇರವಾದಾಗ ನಿಲ್ಲಲಿಲ್ಲ, ಎಡಕ್ಕೆ ತಿರುಗುತ್ತಲೇ ಹೋಯಿತು. ಅಡ್ಡಡ್ಡ ಜಾರಿದ ಭಾರವನ್ನು ಚಕ್ರದ ಕಾಲುಗಳು ತಡೆಯಲಾರದೆ ಮುರಿದವು. ಹೊಟ್ಟೆಯ ಮೇಲೆ ಕಿಡಿ ಕಾರುತ್ತ ಉಜ್ಜಿಕೊಂಡು ಹೋದ ವಿಮಾನ ಕೊನೆಗೂ ನಿಂತಿತು. ಅಷ್ಟು ಇಂಧನವಿದ್ದೂ ಬೆಂಕಿ ಹತ್ತಲಿಲ್ಲ, ಒಳಗಿದ್ದ ಮೂವರಿಗೂ ಏನೂ ಆಗಲಿಲ್ಲ.

ಮುರಿದ ವಿಮಾನವನ್ನು ಹಡಗಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಒಯ್ದು ರಿಪೇರಿ ಮಾಡಿಸಿದರು. ಯಾನದ ದಿಕ್ಕು ಬದಲಾಯಿತು. ಪಶ್ಚಿಮಕ್ಕೆ ಹೊರಟಿದ್ದವರು ಎರಡನೆಯ ಸಲ ಪೂರ್ವಕ್ಕೆ ಹೊರಟರು. ಕರಾಚಿ, ಕಲ್ಕತ್ತಾ ದಾಟಿ ನ್ಯೂಗಿನಿಯ ಲೇ ತಲುಪಿದರು, ಅಲ್ಲಿಂದ ಜುಲೈ 2ರಂದು ಹೌಲೆಂಡಿನತ್ತ ಹೊರಟವರು ಮತ್ತೆ ಸಿಗಲೇ ಇಲ್ಲ. ಆ ಕಣ್ಮರೆಯ ಬಗ್ಗೆ ಇವತ್ತಿಗೂ ಪುಸ್ತಕಗಳು ಬರುತ್ತಿವೆ. ಲ್ಯೂಕ್ ಫೀಲ್ಡಿನ ಆ ಕೆಲವು ಸೆಕೆಂಡುಗಳ ಬಗ್ಗೆ ಬರೆದವರು ಕಡಿಮೆ. ನನಗೆ ಅವು ಹೆಚ್ಚು ಮುಖ್ಯವೆನಿಸುತ್ತವೆ. ಏಕೆಂದರೆ ಅಲ್ಲಿ ನಡೆದದ್ದು ಯಾವ ಸಣ್ಣ ವಿಮಾನಕ್ಕೂ ಯಾವ ಬೆಳಗ್ಗೆಯೂ ನಡೆಯಬಹುದಾದ ಸಂಗತಿ. ಟೈರು ಸಿಡಿಯಿತು ಎಂದರು ನೋಡಿದ ಕೆಲವರು. ಇಯರ್‌ಹಾರ್ಟ್‌ಗೆ ಸಲಹೆಗಾರರಾಗಿದ್ದ ನುರಿತ ಪೈಲಟ್ ಪಾಲ್ ಮ್ಯಾಂಟ್ಜ್ ಅದನ್ನು ಒಪ್ಪಲಿಲ್ಲ. ಎಂಜಿನ್ ಶಕ್ತಿಯನ್ನು ಹೆಚ್ಚುಕಡಿಮೆ ಮಾಡುವ ಥ್ರಾಟಲ್‌ಗಳನ್ನು ಹಿಂದೆಮುಂದೆ ಆಡಿಸಿ ದಿಕ್ಕು ಸರಿಪಡಿಸಲು ಹೋದದ್ದೇ ತಪ್ಪಾಯಿತು ಎಂಬುದು ಅವರ ಮಾತು. ಆ ಜಗಳಕ್ಕೆ ನಾವು ತೀರ್ಪು ಕೊಡಬೇಕಿಲ್ಲ. ಬಲಕ್ಕೆ ಸರಿದ ವಿಮಾನ ಎಡಕ್ಕೆ ಬಂದ ಮೇಲೆ ಅಲ್ಲೇ ಏಕೆ ನಿಲ್ಲಲಿಲ್ಲ ಎಂಬುದು ಮಾತ್ರ ನಮ್ಮ ಪ್ರಶ್ನೆ.

ಓಡುವ ವಿಮಾನ ನೇರವಾಗಿಯೇ ಓಡುತ್ತದೆ, ಏನಾದರೂ ಕೆಟ್ಟರೆ ಮಾತ್ರ ಪಕ್ಕಕ್ಕೆ ಹೋಗುತ್ತದೆ ಎಂದು ಹೊರಗಿನಿಂದ ನೋಡುವವರಿಗೆ ತೋರುತ್ತದೆ. ವಾಸ್ತವ ತಿರುಗುಮುರುಗು. ಪ್ರೊಪೆಲ್ಲರ್ ಇರುವ ಸಣ್ಣ ವಿಮಾನ, ಏನೂ ಕೆಡದಿದ್ದರೂ, ಟೇಕಾಫ್ ಓಟದ ಉದ್ದಕ್ಕೂ ಪಕ್ಕಕ್ಕೆ ಹೋಗಲು ನೋಡುತ್ತಿರುತ್ತದೆ. ರನ್‌ವೇ ನಡುಗೆರೆಯ ಮೇಲೆ ಅದನ್ನು ಹಿಡಿದಿಡುವುದು ಪೈಲಟ್‌ನ ಕಾಲುಗಳ ಕೆಲಸ.

ಬೆಂಗಳೂರಿನಲ್ಲೇ ಹುಟ್ಟಿದ ಒಂದು ವಿಮಾನವನ್ನು ತೆಗೆದುಕೊಂಡು ಇದನ್ನು ನೋಡೋಣ. ಎಚ್‌ಎಎಲ್ ಕಾರ್ಖಾನೆಯ ಪುಷ್ಪಕ್ ಮೊದಲು ಹಾರಿದ್ದು 1958ರ ಸೆಪ್ಟೆಂಬರ್‌ನಲ್ಲಿ. ಇಬ್ಬರು ಕೂರುವ, ಮೇಲುರೆಕ್ಕೆಯ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ನಿನ ಹಗುರ ವಿಮಾನ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಜನ ಹಾರಾಟ ಕಲಿತದ್ದು ಇದರಲ್ಲಿ. ಮುಂದೆ ಎರಡು ದೊಡ್ಡ ಚಕ್ರ, ಬಾಲದಡಿ ಒಂದು ಪುಟ್ಟ ಚಕ್ರ. ನಿಂತಾಗ ಬಾಲ ನೆಲದಲ್ಲಿ, ಮೂತಿ ಆಕಾಶದತ್ತ. ಪೈಲಟ್ ಕಾಲಬಳಿ ಎರಡು ಪೆಡಲ್. ಬಲ ಪೆಡಲ್ ಒತ್ತಿದರೆ ಬಾಲದಲ್ಲಿ ನೆಟ್ಟಗೆ ನಿಂತ ರೆಕ್ಕೆಗೆ ಕೀಲಿನಿಂದ ಜೋಡಿಸಿರುವ ರಡ್ಡರ್ ಬಲಕ್ಕೆ ವಾಲುತ್ತದೆ, ಗಾಳಿ ಬಾಲವನ್ನು ಎಡಕ್ಕೆ ತಳ್ಳುತ್ತದೆ, ಮೂತಿ ಬಲಕ್ಕೆ ಹೋಗುತ್ತದೆ.

ಈಗ ಥ್ರಾಟಲ್ ಪೂರ್ತಿ ಒತ್ತಿ. ಈ ಎಂಜಿನ್ ಪ್ರೊಪೆಲ್ಲರನ್ನು ಪೈಲಟ್ ಕಣ್ಣಿಗೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿಸುತ್ತದೆ. ಪ್ರೊಪೆಲ್ಲರ್ ಹಿಂದಕ್ಕೆ ಎಸೆಯುವ ಗಾಳಿ ನೆಟ್ಟಗೆ ಹೋಗುವುದಿಲ್ಲ, ಒಡಲಿನ ಸುತ್ತ ಸುರುಳಿ ಸುತ್ತಿಕೊಂಡು ಹೋಗಿ ಬಾಲದ ನಿಂತ ರೆಕ್ಕೆಗೆ ಎಡಬದಿಯಿಂದ ಬಡಿಯುತ್ತದೆ. ಬಾಲ ಬಲಕ್ಕೆ, ಮೂತಿ ಎಡಕ್ಕೆ. ಎಂಜಿನ್ ಗರಿಷ್ಠ ಶಕ್ತಿಯಲ್ಲಿದ್ದು ವಿಮಾನದ ವೇಗ ಇನ್ನೂ ಕಡಿಮೆ ಇರುವಾಗ ಈ ಸುರುಳಿ ಅತಿ ಬಿಗಿಯಾಗಿರುತ್ತದೆ. ಅಂದರೆ ಓಟದ ಮೊದಲ ಕ್ಷಣಗಳಲ್ಲೇ ಇದರ ಹೊಡೆತ ಜೋರು. ಜತೆಗೆ ಪ್ರೊಪೆಲ್ಲರ್ ಒಂದು ಕಡೆ ತಿರುಗಿದಾಗ ಒಡಲು ಅದರ ವಿರುದ್ಧ ದಿಕ್ಕಿಗೆ ತಿರುಚಿಕೊಳ್ಳಲು ನೋಡುತ್ತದೆ. ನೆಲದ ಮೇಲಿರುವುದರಿಂದ ಉರುಳಲಾರದು. ಎಡ ಚಕ್ರದ ಮೇಲೆ ಭಾರ ಹೆಚ್ಚುತ್ತದೆ, ಆ ಚಕ್ರದ ಘರ್ಷಣೆ ಹೆಚ್ಚುತ್ತದೆ. ಮೂತಿ ಇನ್ನಷ್ಟು ಎಡಕ್ಕೆ.

ಸ್ವಲ್ಪ ವೇಗ ಬಂತು, ಬಾಲ ಇನ್ನೂ ನೆಲದಲ್ಲೇ ಇದೆ. ಮೂತಿ ಮೇಲೆತ್ತಿರುವುದರಿಂದ ಪ್ರೊಪೆಲ್ಲರ್ ತಿರುಗುವ ತಟ್ಟೆಯೂ ಹಿಂದಕ್ಕೆ ಒರಗಿದೆ, ಎದುರು ಬರುವ ಗಾಳಿ ಮಾತ್ರ ನೆಲಕ್ಕೆ ಸಮಾಂತರ. ಹೀಗಾದಾಗ ಬಲಬದಿಯಲ್ಲಿ ಕೆಳಗಿಳಿಯುವ ಅಲಗು ಗಾಳಿಯನ್ನು ಹೆಚ್ಚು ಕೋನದಲ್ಲಿ ಕಡಿಯುತ್ತದೆ, ಎಡಬದಿಯಲ್ಲಿ ಮೇಲೇರುವ ಅಲಗು ಕಡಿಮೆ ಕೋನದಲ್ಲಿ. ಎಳೆತ ನಟ್ಟನಡುವಿನಿಂದ ಬಲಕ್ಕೆ ಸರಿಯುತ್ತದೆ. ಬಲಗಡೆ ಹೆಚ್ಚು ಎಳೆದರೆ ಮೂತಿ ಹೋಗುವುದು ಎಡಕ್ಕೇ.

ಕೊನೆಯದು ವಿಚಿತ್ರ. ಸಾಕಷ್ಟು ವೇಗ ಬಂದಾಗ ಪೈಲಟ್ ಕೈಯಲ್ಲಿರುವ ನಿಯಂತ್ರಣ ಕೋಲನ್ನು ಮುಂದೊತ್ತಿ ಬಾಲ ಎತ್ತುತ್ತಾನೆ. ತಿರುಗುವ ಪ್ರೊಪೆಲ್ಲರ್ ಒಂದು ಗೈರೋಸ್ಕೋಪ್. ಬಾಲ ಎತ್ತುವುದೆಂದರೆ ಆ ತಟ್ಟೆಯ ಮೇಲಂಚನ್ನು ಮುಂದಕ್ಕೆ ತಳ್ಳಿದಂತೆ. ಆದರೆ ಗೈರೋಸ್ಕೋಪ್ ತಳ್ಳಿದ ಕಡೆ ಬಾಗುವುದಿಲ್ಲ. ತಿರುಗುವ ದಿಕ್ಕಿನಲ್ಲಿ 90 ಡಿಗ್ರಿ ಮುಂದಿನ ಜಾಗದಲ್ಲಿ ತಳ್ಳಿದರೆ ಹೇಗೋ ಹಾಗೆ ವರ್ತಿಸುತ್ತದೆ. ಮೇಲಂಚಿನಿಂದ 90 ಡಿಗ್ರಿ ಮುಂದೆ ಬಲಅಂಚು. ಅದು ಮುಂದಕ್ಕೆ ಹೋಗುತ್ತದೆ, ಮೂತಿ ಎಡಕ್ಕೆ ತಟಕ್ಕನೆ ಹಾರುತ್ತದೆ. ಬಾಲ ಏಳುತ್ತಿರುವ ಒಂದೆರಡು ಸೆಕೆಂಡು ಮಾತ್ರ ಈ ಬಲ ಇರುತ್ತದೆ, ಬಾಲ ಎದ್ದು ನಿಂತ ಕೂಡಲೇ ಮಾಯ. ಆದ್ದರಿಂದ ಎಷ್ಟು ಬಲ ಪೆಡಲ್ ಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಥ್ರಾಟಲ್ ಒತ್ತಿದಾಗ ಬಹಳ, ವೇಗ ಬಂದಂತೆ ಕಡಿಮೆ, ಬಾಲ ಎತ್ತುವಾಗ ಮತ್ತೆ ಬಹಳ, ಎದ್ದ ಮೇಲೆ ಮತ್ತೆ ಕಡಿಮೆ, ನೆಲ ಬಿಟ್ಟು ಮೂತಿಯೆತ್ತಿ ಏರುವಾಗ ಮತ್ತೆ ಹೆಚ್ಚು. ಇಷ್ಟೆಲ್ಲ ಅರ್ಧ ನಿಮಿಷದೊಳಗೆ. ಇದೇ ಹೊತ್ತಿನಲ್ಲಿ ರಡ್ಡರ್ ಕೂಡ ಬದಲಾಗುತ್ತಿದೆ. ಗಾಳಿಯ ಬಲ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ 20 ನಾಟ್‌ನಲ್ಲಿ ಕೊಟ್ಟ ಒತ್ತಡ 40 ನಾಟ್‌ನಲ್ಲಿ ನಾಲ್ಕು ಪಟ್ಟು ಕೆಲಸ ಮಾಡುತ್ತದೆ.

ಎಲ್ಲ ವಿಮಾನಗಳೂ ಎಡಕ್ಕೇ ಹೋಗುತ್ತವೆ ಎಂದೇನಲ್ಲ. ಟೈಗರ್ ಮಾತ್‌ನ ಜಿಪ್ಸಿ ಮೇಜರ್ ಎಂಜಿನ್ ತಿರುಗುವುದು ವಿರುದ್ಧ ದಿಕ್ಕಿನಲ್ಲಿ, ಅದು ಬಲಕ್ಕೆ ಹೋಗುತ್ತದೆ. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ಪೈಲಟ್‌ಗಳಿಗೆ ಇದು ನಿಜವಾಗಿ ಪ್ರಾಣಸಂಕಟವಾಯಿತು. ಮೊದಲ ಸ್ಪಿಟ್‌ಫೈರ್‌ಗಳಲ್ಲಿದ್ದ ಮರ್ಲಿನ್ ಎಂಜಿನ್‌ಗೆ ಬಲಗಾಲು ಬೇಕಿತ್ತು. ಆಮೇಲೆ ಬಂದ ಗ್ರಿಫನ್ ಎಂಜಿನ್ ಅದಕ್ಕಿಂತ ಬಹಳ ಬಲಿಷ್ಠ, ತಿರುಗುವುದೂ ಉಲ್ಟಾ. ನೂರಾರು ಟೇಕಾಫ್‌ಗಳಲ್ಲಿ ಪಳಗಿದ ಬಲಗಾಲು ತಾನಾಗಿಯೇ ಮುಂದೆ ಹೋದರೆ, ಬಲಕ್ಕೆ ಓಡುವ ವಿಮಾನವನ್ನು ಪೈಲಟ್ ತಾನೇ ಇನ್ನಷ್ಟು ಬಲಕ್ಕೆ ತಳ್ಳಿದಂತಾಗುತ್ತಿತ್ತು. ಅಭ್ಯಾಸವೇ ಅಪಾಯವಾಗುವ ಇಂಥ ಕಡೆ, ಹೊಸಬನಿಗಿಂತ ಹಳಬನೇ ಹೆಚ್ಚು ಎಚ್ಚರದಿಂದಿರಬೇಕಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಮೂತಿಯನ್ನು ಪಕ್ಕಕ್ಕೆ ಎಳೆಯುವ ಬಲಗಳ ಕತೆ. ಎಳೆದದ್ದು ಏಕೆ ಬೆಳೆಯುತ್ತಲೇ ಹೋಗುತ್ತದೆ ಎಂಬುದಕ್ಕೆ ಚಕ್ರಗಳನ್ನು ನೋಡಬೇಕು. ಟ್ರ್ಯಾಕ್ಟರ್ ಟ್ರೇಲರನ್ನು ರಿವರ್ಸ್ ತೆಗೆಯುವುದನ್ನು ಗಮನಿಸಿದ್ದೀರಲ್ಲ. ಮುಂದೆ ಎಳೆದುಕೊಂಡು ಹೋಗುವಾಗ ಟ್ರೇಲರ್ ಹೇಳಿದಂತೆ ಕೇಳುತ್ತದೆ, ಹಿಂದಕ್ಕೆ ತಳ್ಳಿದರೆ ಚೂರು ಓರೆಯಾದದ್ದು ಕ್ಷಣದಲ್ಲಿ ಪೂರ್ತಿ ಮಡಚಿಕೊಳ್ಳುತ್ತದೆ. ಬಾಲಚಕ್ರದ ವಿಮಾನದಲ್ಲಿ ಗುರುತ್ವ ಕೇಂದ್ರ ಮುಖ್ಯ ಚಕ್ರಗಳ ಹಿಂದಿದೆ. ಅಂದರೆ ಭಾರ ಹಿಂದಿನಿಂದ ಚಕ್ರಗಳನ್ನು ತಳ್ಳುತ್ತಿದೆ. ಮೂತಿ ತುಸು ಎಡಕ್ಕೆ ತಿರುಗಿತು ಎನ್ನಿ. ಭಾರ ಮಾತ್ರ ಮೊದಲಿನ ನೇರ ದಾರಿಯಲ್ಲೇ ಹೋಗಲು ನೋಡುತ್ತದೆ, ಚಕ್ರಗಳು ನೆಲ ಕಚ್ಚಿ ಅದನ್ನು ತಡೆಯುತ್ತವೆ. ಈ ತಿಕ್ಕಾಟದಲ್ಲಿ ಬಾಲ ಹೊರಕ್ಕೆ ಹೋಗುತ್ತದೆ, ಮೂತಿ ಮತ್ತಷ್ಟು ಒಳಕ್ಕೆ. ಓರೆ ಹೆಚ್ಚಾದಷ್ಟೂ ತಿರುಗಿಸುವ ಬಲ ಹೆಚ್ಚು, ಬಲ ಹೆಚ್ಚಾದಷ್ಟೂ ಓರೆ ಹೆಚ್ಚು. ಒಂದು ಹಂತ ದಾಟಿದರೆ ರಡ್ಡರ್ ಪೂರ್ತಿ ಒತ್ತಿದರೂ ಹಿಡಿಯದು, ವಿಮಾನ ಗಿರ್ರನೆ ಸುತ್ತಿ ನಿಲ್ಲುತ್ತದೆ. ಪೈಲಟ್‌ಗಳು ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ.

ಇದರ ಬಲ ಎಷ್ಟೆಂದು ಒಂದು ಸಣ್ಣ ಲೆಕ್ಕ ಹಾಕಬಹುದು. 40 ನಾಟ್ ಎಂದರೆ ಗಂಟೆಗೆ ಸುಮಾರು 74 ಕಿಲೋಮೀಟರ್. ಆ ವೇಗದಲ್ಲಿ 50 ಮೀಟರ್ ತ್ರಿಜ್ಯದ ತಿರುವು ಬಿದ್ದರೆ ವಿಮಾನದ ಮೇಲೆ ಅಡ್ಡಲಾಗಿ ಬೀಳುವ ಬಲ ಅದರ ತೂಕದ ಶೇಕಡ 85ರಷ್ಟಾಗುತ್ತದೆ. ತಿರುವು ಬಿಗಿದು ತ್ರಿಜ್ಯ 25 ಮೀಟರ್‌ಗೆ ಇಳಿದರೆ ಅದು ತೂಕದ ಒಂದೂಮುಕ್ಕಾಲು ಪಟ್ಟು. ವಿಮಾನದ ಕಾಲುಗಳನ್ನು ಮೇಲಿನಿಂದ ಬೀಳುವ ಭಾರ ತಾಳಲು ಮಾಡಿರುತ್ತಾರೆ, ಪಕ್ಕದಿಂದ ಬರುವ ಇಂಥ ಹೊಡೆತಕ್ಕಲ್ಲ. ಹೊರಬದಿಯ ರೆಕ್ಕೆ ನೆಲಕ್ಕೆ ತಾಗುತ್ತದೆ, ಇಲ್ಲವೇ ಕಾಲು ಮುರಿಯುತ್ತದೆ.

ಇಯರ್‌ಹಾರ್ಟ್ ಅವರ ಎಲೆಕ್ಟ್ರಾ ಕೂಡ ಬಾಲಚಕ್ರದ ವಿಮಾನ. ಮೂತಿ ಬಲಕ್ಕೆ ಹೋದದ್ದನ್ನು ಕಂಡು, ಕೈ ಥ್ರಾಟಲಿಗೆ ಹೋಗಿ, ಎಡ ಎಂಜಿನ್ ತಗ್ಗಿ, ಎಳೆತದ ವ್ಯತ್ಯಾಸ ಅಷ್ಟು ಭಾರದ ವಿಮಾನವನ್ನು ತಿರುಗಿಸುವ ಹೊತ್ತಿಗೆ ಸಮಯ ಕಳೆದಿರುತ್ತದೆ. ಇಂಧನ ತುಂಬಿದ ವಿಮಾನ ತಿರುಗಲು ಶುರುವಾಗುವುದೂ ನಿಧಾನ, ಶುರುವಾದ ಮೇಲೆ ನಿಲ್ಲುವುದೂ ನಿಧಾನ. ಎಡಕ್ಕೆ ಬರುತ್ತಿರುವಾಗಲೇ, ನೇರವಾಗುವ ಮೊದಲೇ, ತಿದ್ದುವಿಕೆಯನ್ನು ವಾಪಸು ತೆಗೆದಿರಬೇಕು. ನೇರವಾದದ್ದನ್ನು ಕಣ್ಣು ಕಂಡ ಮೇಲೆ ತೆಗೆದರೆ ತಡವಾಯಿತು. ದಿಕ್ಕು ತಪ್ಪುವ ಅಪಘಾತಗಳ ತಿರುಳು ಇಲ್ಲೇ ಇದೆ ಎಂದು ನಾನು ನಂಬುತ್ತೇನೆ. ಹೆಚ್ಚಿನ ಸಲ ಪೈಲಟ್ ಒತ್ತಿದ ಪೆಡಲ್ ಸರಿಯಾದದ್ದೇ ಆಗಿರುತ್ತದೆ, ಒತ್ತಿದ ಗಳಿಗೆ ತಡವಾಗಿರುತ್ತದೆ, ತಡವಾದದ್ದಕ್ಕೆ ಜೋರಾಗಿ ಒತ್ತಿರುತ್ತಾನೆ, ಜೋರಾಗಿ ಒತ್ತಿದ್ದಕ್ಕೆ ವಿಮಾನ ಆಚೆ ಬದಿಗೆ ಹೋಗಿರುತ್ತದೆ. ಒಂದೊಂದು ಸಲವೂ ಹಿಂದಿನದಕ್ಕಿಂತ ದೊಡ್ಡ ತಿರುವು. ತನಿಖಾ ವರದಿಗಳು ಇದನ್ನೆಲ್ಲ 'ಪೈಲಟ್ ದಿಕ್ಕಿನ ನಿಯಂತ್ರಣ ಉಳಿಸಿಕೊಳ್ಳಲಿಲ್ಲ' ಎಂಬ ಒಂದು ಸಾಲಿನಲ್ಲಿ ಮುಗಿಸುವುದುಂಟು. ಆ ಸಾಲು ಸುಳ್ಳಲ್ಲ, ಆದರೆ ಕಲಿಯುವವನಿಗೆ ಅದರಿಂದ ಏನೂ ಸಿಗುವುದಿಲ್ಲ.

ಒಳ್ಳೆಯ ಇನ್‌ಸ್ಟ್ರಕ್ಟರ್ ಕಲಿಸುವುದು ಈ ತಡವನ್ನು ಕಡಿಮೆ ಮಾಡುವುದನ್ನೇ. ಹಿಮ್ಮಡಿ ನೆಲದ ಮೇಲಿರಲಿ, ಪೆಡಲ್ ಒತ್ತುವುದು ಪಾದದ ಮುಂಭಾಗ ಮಾತ್ರ. ಹಾಗಿದ್ದರೆ ತೊಡೆಯ ಬಲದಿಂದ ಒದೆಯುವುದು ತಪ್ಪುತ್ತದೆ, ಚಿಕ್ಕ ಚಿಕ್ಕ ಒತ್ತುಗಳು ಸಾಧ್ಯವಾಗುತ್ತವೆ. ಕಣ್ಣು ಮೂತಿಯ ಎದುರಿನ ಡಾಂಬರಿನ ಮೇಲಲ್ಲ, ರನ್‌ವೇಯ ಆಚೆ ತುದಿಯ ಮೇಲೆ. ಹತ್ತಿರ ನೋಡುವವನಿಗೆ ವಿಮಾನ ಪಕ್ಕಕ್ಕೆ ಸರಿದದ್ದು ಗೊತ್ತಾಗುತ್ತದೆ, ದೂರ ನೋಡುವವನಿಗೆ ಮೂತಿ ತಿರುಗತೊಡಗಿದ್ದೇ ಗೊತ್ತಾಗುತ್ತದೆ. ಸರಿಯುವುದಕ್ಕಿಂತ ಮೊದಲು ನಡೆಯುವುದು ತಿರುಗುವುದು. ಬಾಲಚಕ್ರದ ವಿಮಾನದಲ್ಲಿ ಮೂತಿ ಎದುರಿನ ನೋಟವನ್ನೇ ಮರೆಮಾಡುವುದರಿಂದ ಎರಡೂ ಬದಿಯ ಅಂಚುಗಳನ್ನು ಓರೆಗಣ್ಣಿನಲ್ಲಿ ಹಿಡಿದುಕೊಂಡಿರಬೇಕು. ಥ್ರಾಟಲನ್ನು ದಬಕ್ಕನೆ ಒತ್ತದೆ ಮೂರು ನಾಲ್ಕು ಎಣಿಸುವಷ್ಟು ಹೊತ್ತಿನಲ್ಲಿ ಒತ್ತಿದರೆ ಮೇಲೆ ಹೇಳಿದ ಬಲಗಳೂ ನಿಧಾನವಾಗಿ ಬರುತ್ತವೆ, ಕಾಲಿಗೆ ಜತೆಗೂಡಲು ಸಮಯ ಸಿಗುತ್ತದೆ.

ಬಾಲಚಕ್ರದ ಸಂಕಟ ತಪ್ಪಿಸಿದ್ದು ಮೂತಿಚಕ್ರ. 1956ರಲ್ಲಿ ಮಾರುಕಟ್ಟೆಗೆ ಬಂದ ಸೆಸ್ನಾ 172ರಲ್ಲಿ ಮುಖ್ಯ ಚಕ್ರಗಳು ಗುರುತ್ವ ಕೇಂದ್ರದ ಹಿಂದೆ ಹೋದವು, ಪುಟ್ಟ ಚಕ್ರ ಮೂತಿಯಡಿಗೆ ಬಂತು. ಈಗ ಭಾರ ಚಕ್ರಗಳನ್ನು ಎಳೆಯುತ್ತದೆ, ಓರೆಯಾದರೆ ತಾನೇ ನೇರವಾಗಲು ನೋಡುತ್ತದೆ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ರೂಪಿಸಿ 1993ರಲ್ಲಿ ಮೊದಲು ಹಾರಿಸಿದ ಹಂಸ ಕೂಡ ಇದೇ ಬಗೆಯದು. ಆದರೂ ದಿಕ್ಕು ತಪ್ಪುವುದು ನಿಲ್ಲಲಿಲ್ಲ, ಏಕೆಂದರೆ ಪ್ರೊಪೆಲ್ಲರ್ ಹಾಗೇ ಇದೆ. ಹಲವು ವಿಮಾನಗಳಲ್ಲಿ ಎಂಜಿನ್ನನ್ನೋ ಬಾಲದ ನಿಂತ ರೆಕ್ಕೆಯನ್ನೋ ತುಸು ಓರೆಯಾಗಿ ಕೂರಿಸಿ ಎಡದ ಎಳೆತವನ್ನು ಸರಿದೂಗಿಸಿರುತ್ತಾರೆ, ಆದರೆ ಅದು ಮೇಲೆ ಸಮಮಟ್ಟದಲ್ಲಿ ಹಾರುವಾಗಿನ ಲೆಕ್ಕ. ಟೇಕಾಫ್‌ಗೆ ಅದು ಸಾಲದು.

ಮೂತಿಚಕ್ರ ಬಂದ ಮೇಲೆ ಎರಡು ಹೊಸ ತಪ್ಪುಗಳೂ ಬಂದವು. ಒಂದು ಕಾರಿನ ಅಭ್ಯಾಸದ್ದು. ಪೈಲಟ್ ಎದುರಿನ ಹಿಡಿ ಸ್ಟಿಯರಿಂಗ್ ತರಹ ಕಾಣುತ್ತದೆ. ವಿಮಾನ ಎಡಕ್ಕೆ ಹೋದ ಕೂಡಲೇ ಕಲಿಯುವವನ ಕೈ ಅದನ್ನು ಬಲಕ್ಕೆ ತಿರುಗಿಸಿಬಿಡುತ್ತದೆ. ಅದರಿಂದ ಚಕ್ರ ತಿರುಗುವುದಿಲ್ಲ, ರೆಕ್ಕೆಗಳ ಹಿಂಬದಿಯ ಐಲೆರಾನ್‌ಗಳು ಆಡುತ್ತವೆ. ಎಡ ರೆಕ್ಕೆಯದು ಕೆಳಗಿಳಿಯುತ್ತದೆ, ಅದರ ಜತೆ ಆ ಬದಿಯ ಗಾಳಿಯ ತಡೆ ಹೆಚ್ಚುತ್ತದೆ, ಮೂತಿ ಎಡಕ್ಕೇ ಇನ್ನಷ್ಟು ಹೋಗುತ್ತದೆ. ಇನ್ನೊಂದು, ವೇಗ ಬಂದ ಮೇಲೂ ಹಿಡಿಯನ್ನು ಮುಂದೊತ್ತಿ ಮೂತಿಯನ್ನು ನೆಲಕ್ಕೆ ಒತ್ತಿಹಿಡಿಯುವುದು. ರೆಕ್ಕೆಗಳು ಆಗಲೇ ಭಾರ ಎತ್ತಿಕೊಂಡಿರುವುದರಿಂದ ಹಿಂದಿನ ಚಕ್ರಗಳು ಹಗುರಾಗಿ ಮೂತಿಚಕ್ರವೊಂದೇ ನೆಲ ಕಚ್ಚುತ್ತದೆ. ಆಗ ಇಡೀ ವಿಮಾನ ಆ ಒಂದು ಚಕ್ರದ ಮೇಲೆ ತಿರುಗಬಲ್ಲದು, ಬಾಲಚಕ್ರದ ವಿಮಾನಕ್ಕಿಂತ ಕೆಟ್ಟದಾಗಿ.

ಇದರ ಮೇಲೆ ಗಾಳಿ. ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇಯೂ ಕೆಂಪೇಗೌಡ ನಿಲ್ದಾಣದ ರನ್‌ವೇಗಳೂ ಪೂರ್ವಪಶ್ಚಿಮವಾಗಿವೆ. ಮುಂಗಾರಿನಲ್ಲಿ ಇಲ್ಲಿ ಪಡುವಣ ಗಾಳಿ, ಹಿಂಗಾರಿನಲ್ಲಿ ಮೂಡಣ ಗಾಳಿ. ಎರಡೂ ಕಾಲದಲ್ಲಿ ಗಾಳಿ ಎದುರಿಗೇ ಸಿಗುತ್ತದೆ. ಆದರೆ ಗಾಳಿ ರನ್‌ವೇಯ ಮಾತು ಕೇಳದ ದಿನಗಳೂ ಇರುತ್ತವೆ. 30 ಡಿಗ್ರಿ ಓರೆಯಿಂದ 20 ನಾಟ್ ಬೀಸಿದರೆ ಅದರ ಅರ್ಧ, ಅಂದರೆ 10 ನಾಟ್, ಅಡ್ಡಗಾಳಿ. ಬಾಲದ ನಿಂತ ರೆಕ್ಕೆ ಚಕ್ರಗಳಿಗಿಂತ ಬಹಳ ಹಿಂದಿರುವುದರಿಂದ ಅಡ್ಡಗಾಳಿ ಬಾಲವನ್ನು ತಳ್ಳಿ ಮೂತಿಯನ್ನು ತನ್ನತ್ತ ತಿರುಗಿಸಿಕೊಳ್ಳುತ್ತದೆ. ಗಡಿಯಾರದ ದಿಕ್ಕಿನ ಪ್ರೊಪೆಲ್ಲರ್ ಇರುವ ವಿಮಾನಕ್ಕೆ ಎಡದಿಂದ ಬರುವ 10 ನಾಟ್ ಬಲದಿಂದ ಬರುವ 10 ನಾಟ್‌ಗಿಂತ ಕಷ್ಟ. ಎಡದ ಗಾಳಿ ಎಂಜಿನ್ ಕಡೆಯ ಎಳೆತಕ್ಕೆ ಕೂಡಿಕೊಳ್ಳುತ್ತದೆ, ಬಲದ್ದು ಕಳೆಯುತ್ತದೆ. ಇತ್ತೀಚಿನ ಸೆಸ್ನಾ 172ರ ಕೈಪಿಡಿಯಲ್ಲಿ ಅಡ್ಡಗಾಳಿ 15 ನಾಟ್ ಎಂದು ಬರೆದಿದೆ. ಅದು ವಿಮಾನದ ಮಿತಿಯಲ್ಲ, ಪರೀಕ್ಷೆಯ ದಿನ ಪರೀಕ್ಷಕ ಪೈಲಟ್ ಮಾಡಿ ತೋರಿಸಿದ್ದು ಅಷ್ಟು. ವಾರಕ್ಕೊಮ್ಮೆ ಹಾರುವವನ ಕಾಲು ಪರೀಕ್ಷಕ ಪೈಲಟ್‌ನ ಕಾಲಲ್ಲ, ಅವನ ಮಿತಿ ಆ ಪುಟದಲ್ಲಿ ಇರುವುದಿಲ್ಲ.

ನೆಲ ಬಿಟ್ಟ ಮಾತ್ರಕ್ಕೆ ಈ ಅಪಾಯ ಮುಗಿಯುವುದಿಲ್ಲ. 2017ರ ಫೆಬ್ರುವರಿ 21ರಂದು ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಎಸೆಂಡನ್ ನಿಲ್ದಾಣದಿಂದ ಎರಡು ಎಂಜಿನ್ನಿನ ಬೀಚ್‌ಕ್ರಾಫ್ಟ್ ಕಿಂಗ್ ಏರ್ ಹೊರಟಿತು. ಓಟ ಎಂದಿಗಿಂತ ಉದ್ದವಾಯಿತು, ಮೇಲೆದ್ದ ವಿಮಾನ ಎಡಕ್ಕೆ ಓರೆಯಾಗಿ ಜಾರುತ್ತ ಪಕ್ಕದ ಮಳಿಗೆ ಸಂಕೀರ್ಣಕ್ಕೆ ಬಡಿಯಿತು. ಒಳಗಿದ್ದ ಐವರೂ ತೀರಿಕೊಂಡರು. ಎಂಜಿನ್‌ಗಳು ಕೆಟ್ಟಿರಲಿಲ್ಲ. ರಡ್ಡರಿನ ಒತ್ತಡ ಹಗುರ ಮಾಡಲೆಂದು ಇರುವ ಟ್ರಿಮ್ ಎಂಬ ಪುಟ್ಟ ಪಟ್ಟಿ, ಟೇಕಾಫ್‌ಗೆ ಮೊದಲೇ, ಪೂರ್ತಿ ಎಡಕ್ಕೆ ತಿರುಗಿಕೊಂಡಿದ್ದಿರಬೇಕು ಎಂದು ಆಸ್ಟ್ರೇಲಿಯಾದ ಸಾರಿಗೆ ಸುರಕ್ಷಾ ಮಂಡಳಿ ತೀರ್ಮಾನಿಸಿತು. ಬೆರಳಲ್ಲಿ ತಿರುಗಿಸುವ ಒಂದು ಗುಂಡಿ. ಹೊರಡುವ ಮುನ್ನ ಓದಬೇಕಾದ ಪಟ್ಟಿಯಲ್ಲಿ ಅದರ ಹೆಸರಿದೆ. ಪಟ್ಟಿಯನ್ನು ಬಾಯಿಪಾಠ ಒಪ್ಪಿಸದೆ, ಕೈಯಿಟ್ಟು ಮುಟ್ಟಿ ನೋಡುತ್ತ ಓದಬೇಕು ಎಂದು ನಾನು ಹಟ ಹಿಡಿಯುವುದು ಇಂಥ ಘಟನೆಗಳನ್ನು ಓದಿದ ಮೇಲೆ.

ಎರಡು ಎಂಜಿನ್ ಇದ್ದರೆ ಇನ್ನೊಂದು ಗಂಡಾಂತರವಿದೆ. ಒಂದು ಎಂಜಿನ್ ಸೋತರೆ ಇನ್ನೊಂದರ ಎಳೆತ ವಿಮಾನವನ್ನು ಸೋತ ಬದಿಗೆ ತಿರುಗಿಸುತ್ತದೆ. ಆ ಎಳೆತ ನಿಧಾನವಾದಾಗಲೂ ಕಡಿಮೆಯಾಗುವುದಿಲ್ಲ, ರಡ್ಡರಿನ ಬಲವಾದರೋ ವೇಗದ ವರ್ಗದಂತೆ ಕುಸಿಯುತ್ತದೆ. ಎರಡೂ ಸಮನಾಗುವ ಒಂದು ವೇಗವಿದೆ. ವೇಗಮಾಪಕದ ಮೇಲೆ ಅದಕ್ಕೆ ಕೆಂಪು ಗೆರೆ ಎಳೆದಿರುತ್ತಾರೆ. ಅದರ ಕೆಳಗೆ ಪೆಡಲ್ ಪೂರ್ತಿ ಒತ್ತಿದರೂ ವಿಮಾನ ನೇರವಾಗದು. ಆಗ ಉಳಿಯುವ ದಾರಿ ಒಂದೇ, ಮೂತಿ ತಗ್ಗಿಸಿ ಒಳ್ಳೆಯ ಎಂಜಿನ್ನಿನ ಶಕ್ತಿಯನ್ನೂ ಇಳಿಸುವುದು. 2019ರ ಜೂನ್ 30ರಂದು ಟೆಕ್ಸಸ್‌ನ ಆಡಿಸನ್‌ನಲ್ಲಿ ಟೇಕಾಫ್ ಆದ ಕೂಡಲೇ ಇನ್ನೊಂದು ಕಿಂಗ್ ಏರ್‌ನ ಎಡ ಎಂಜಿನ್ ಶಕ್ತಿ ಕಳೆದುಕೊಂಡಿತು. ಬಲ ಪೆಡಲ್ ಬೇಕಿದ್ದ ಗಳಿಗೆಯಲ್ಲಿ ಮೊದಲು ಒತ್ತಿದ್ದು ಎಡ ಪೆಡಲ್ ಎಂದು ತನಿಖೆ ಕಂಡಿತು. ಹತ್ತು ಜನ ಸತ್ತರು.

ಒಂದೇ ಎಂಜಿನ್ನಿನ ವಿಮಾನ ಇನ್ನೂ ನೆಲದಲ್ಲಿರುವಾಗಲೇ ದಿಕ್ಕು ತಪ್ಪಿದರೆ ಬದುಕುವ ಅವಕಾಶ ಬಹಳ ದೊಡ್ಡದು, ಟೇಕಾಫ್ ಬಿಡುವ ಮನಸ್ಸಿದ್ದರೆ. ಹೇಗೋ ಎದ್ದುಬಿಡೋಣ ಎಂದು ಸಾಲದ ವೇಗದಲ್ಲಿ ವಿಮಾನವನ್ನು ನೆಲದಿಂದ ಕಿತ್ತೆತ್ತಿದವರು ರನ್‌ವೇ ಪಕ್ಕದಲ್ಲಿ ಅಡ್ಡಡ್ಡ ತೇಲಿ, ರೆಕ್ಕೆಯ ಎತ್ತುಬಲ ಕಳೆದುಕೊಂಡು ಬಿದ್ದಿದ್ದಾರೆ. ಹುಲ್ಲಿಗಿಳಿದು ಕಾಲು ಮುರಿದುಕೊಂಡ ವಿಮಾನದಿಂದ ಜನ ನಡೆದು ಹೊರಬರುತ್ತಾರೆ. ಆದ್ದರಿಂದ ಓಟ ಶುರುಮಾಡುವ ಮೊದಲೇ ಪೈಲಟ್ ಬಾಯಿಬಿಟ್ಟು ಹೇಳಿಕೊಳ್ಳಬೇಕಾದದ್ದು ಇದು: ಮೂತಿ ನಡುಗೆರೆ ಬಿಟ್ಟು, ಪೆಡಲಿಗೆ ಕೂಡಲೇ ಮರಳದಿದ್ದರೆ ಥ್ರಾಟಲ್ ಬಂದ್. ಆದರೆ ಥ್ರಾಟಲ್ ಎಳೆದ ಕ್ಷಣ ಪ್ರೊಪೆಲ್ಲರಿನ ಎಡದ ಎಳೆತಗಳೆಲ್ಲ ಒಟ್ಟಿಗೇ ನಿಂತುಹೋಗುತ್ತವೆ, ಬಾಲದ ಮೇಲೆ ಬೀಸುತ್ತಿದ್ದ ಗಾಳಿಯೂ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಬಲವಾಗಿ ಒತ್ತಿಹಿಡಿದಿದ್ದ ಬಲ ಪೆಡಲ್ ಹಾಗೇ ಉಳಿದರೆ ವಿಮಾನ ಈಗ ಬಲಕ್ಕೆ ಹೊರಳುತ್ತದೆ. ಕೈ ಥ್ರಾಟಲನ್ನು ಹಿಂದಕ್ಕೆ ಎಳೆಯುತ್ತಿರುವಾಗಲೇ ಬಲಗಾಲು ಸಡಿಲವಾಗಬೇಕು, ಬ್ರೇಕ್ ಆಮೇಲೆ, ಎರಡೂ ಕಾಲಿನಿಂದ ಸಮನಾಗಿ.